ಕಡಲೆಕಾಳಿನಷ್ಟು

ದೌಲತರಾಯನಿಗೆ ಬೀಡಿಯ ಹೆದರಿಕೆ ಇರಲಿಲ್ಲ, ಸೂಜಿಯ ಹೆದರಿಕೆ ಇತ್ತು. ಜೇವರ್ಗಿಯ ಆಸ್ಪತ್ರೆಯ ಅಂಗಳದಲ್ಲಿ ಪರೀಕ್ಷೆಗೆ ರಕ್ತ ಕೊಡುವವರ ಸಾಲು ಮುಂದೆ ಸರಿದಂತೆಲ್ಲ ಆತ ಹಿಂದೆ ಸರಿಯುತ್ತಿದ್ದ. ಕೊನೆಗೆ ಮಗಳು ಜಯಮಾಲಾ ತೋಳು ಹಿಡಿದು ನಿಲ್ಲಿಸಿದಳು.

“ಅಪ್ಪಾ, ಇರಿವಿ ಕಚ್ಚಿದಂಗ ಆಗ್ತದ, ಅಷ್ಟ. ಸಣ್ಣ ಹುಡುಗರಂಗ ಮಾಡಬ್ಯಾಡ.”

“ನಿಮ್ಮವ್ವ ಮೊದಲ ಕೊಡಲಿ. ಆಕಿಗಿ ಏನೂ ಆಗಲಿಲ್ಲಂದ್ರ ನಾ ಕೊಡ್ತೇನಿ.”

ಸುಭದ್ರಾಬಾಯಿ ಬೇವಿನ ಕಟ್ಟೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು ಕುಳಿತಿದ್ದಳು. ಆಕೆ ಬಂದದ್ದು ಗಂಡನ ಜೊತೆಗೆಂದು ಮಾತ್ರ. ಆದರೂ ಎದ್ದಳು, ರವಿಕೆಯ ತೋಳು ಮೇಲೇರಿಸಿ ಸಾಲಿನ ತುದಿಗೆ ಹೋಗಿ ನಿಂತಳು. ಗಂಡನ ಕೆಲಸ ತಾನು ಮೊದಲು ಮಾಡಿ ತೋರಿಸುವುದು ಆಕೆಗೆ ಹೊಸದೇನಲ್ಲ.

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇವರದೊಂದು ಖಾನಾವಳಿ. ಮುಂದೆ ದುಡ್ಡು ಎಣಿಸುವ ಗಲ್ಲೆಯ ಮೇಲೆ ದೌಲತರಾಯ, ಹಿಂದೆ ಒಲೆಯ ಮುಂದೆ ಸುಭದ್ರಾಬಾಯಿ. ನರೋಣಾದಿಂದ ಮದುವೆಯಾಗಿ ಬಂದ ವರ್ಷವೇ ಆ ಒಲೆಯ ಮುಂದೆ ಕುಳಿತವಳು, ಮಗಳನ್ನು ಜೇವರ್ಗಿಗೆ ಕೊಟ್ಟು, ಆ ಮಗಳು ಅಲ್ಲಿಯ ಶಾಲೆಯಲ್ಲಿ ಟೀಚರಾಗಿ, ಇಬ್ಬರು ಮಕ್ಕಳ ತಾಯಿಯಾದರೂ ಅಲ್ಲಿಂದ ಎದ್ದಿರಲಿಲ್ಲ. ಜಾಲಿ ಕಟ್ಟಿಗೆ, ತೊಗರಿ ಕಟ್ಟಿಗೆ, ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆ. ನಡುವೆ ಗ್ಯಾಸು ಬಂದಿತ್ತು. ಆದರೆ ಗಿರಾಕಿಗಳು ರೊಟ್ಟಿ ಮುರಿದು ನೋಡಿ, ಒಲೆಯ ರೊಟ್ಟಿಯ ರುಚಿ ಇಲ್ಲ ಅಂದರು. ಗ್ಯಾಸು ಪಲ್ಯ, ಬ್ಯಾಳಿಗೆ ಮಾತ್ರ ಉಳಿಯಿತು.

ದೌಲತರಾಯನ ಕೆಮ್ಮು ಮಾತ್ರ ಓಣಿಗೆಲ್ಲ ಗೊತ್ತು. ನಸುಕಿನಲ್ಲಿ ಆತ ಕೆಮ್ಮಿದರೆ ಪಕ್ಕದ ಮನೆಯವರು ಏಳುವ ಹೊತ್ತಾಯಿತೆಂದು ತಿಳಿಯುತ್ತಿದ್ದರು. ಆ ಕೆಮ್ಮಿಗೆ ಹೆದರಿಯೇ ಜಯಮಾಲಾ ಅವರನ್ನು ಕರೆಸಿಕೊಂಡದ್ದು. ಶ್ವಾಸಕೋಶದ ಕ್ಯಾನ್ಸರನ್ನು ಮೊದಲಲ್ಲೇ ಹಿಡಿಯಲು ಆಗುತ್ತದೆಯೇ ಎಂದು ನೋಡುವ ಡಾಕ್ಟರರ ಒಂದು ತಂಡ ಜೇವರ್ಗಿಗೆ ಬಂದಿತ್ತು. ರಕ್ತ ತೆಗೆದು ಪರೀಕ್ಷೆಗೆ ಕಳಿಸುವರು. ಎದೆಯ ಸ್ಕ್ಯಾನ್ ಅಲ್ಲೇ ಮಾಡುವರು. ಆಮೇಲೆ ಎರಡನ್ನೂ ಕೂಡಿಸಿ ನೋಡುವರು. ಲಾರಿಯಷ್ಟು ದೊಡ್ಡ ಗಾಡಿಯೊಳಗೇ ಸ್ಕ್ಯಾನಿನ ಯಂತ್ರವಿತ್ತು. ಜೇವರ್ಗಿ ಮುಗಿದ ಮೇಲೆ ಆ ಗಾಡಿ ಅಫಜಲಪುರಕ್ಕೆ, ಆಮೇಲೆ ಆಳಂದಕ್ಕೆ ಹೋಗುವುದಿತ್ತು. ಆಳಂದಕ್ಕೆ ಬರುವ ತನಕ ಕಾಯುವ ತಾಳ್ಮೆ ಮಗಳಿಗಿರಲಿಲ್ಲ.

ಮೇಜಿನ ಹಿಂದೆ ಕುಳಿತಿದ್ದ ಡಾಕ್ಟರಮ್ಮನ ಹೆಸರು ಫರಹತ. ಅಫಜಲಪುರದ ಕಡೆಯ ಹುಡುಗಿ, ಮಾತಿನಲ್ಲಿ ಊರು ಕೇಳಿಸುತ್ತಿತ್ತು.

“ನೀವು ಬೀಡಿ ಸೇದ್ತೀರೇನ್ರಿ ಅವ್ವರ?”

“ನಾ ಯಾಕ ಸೇದ್ಲಿ? ಅವರು ಸೇದ್ತಾರ. ಅವರಿಗಿ ಧೈರ್ಯ ಬರ್ಲಿ ಅಂತ ನಾ ಮೊದಲ ನಿಂತೇನಿ.”

ಫರಹತ ನಕ್ಕಳು. ನಗುತ್ತಲೇ ಸುಭದ್ರಾಬಾಯಿಯ ಅಂಗೈ ನೋಡಿದಳು. ಬೆರಳತುದಿಗಳು ಸುಟ್ಟು ಸುಟ್ಟು ನುಣ್ಣಗಾಗಿದ್ದವು.

“ಯಾವ ಒಲಿ ಮ್ಯಾಲ ಅಡಿಗಿ ಮಾಡ್ತೀರಿ?”

“ಕಟ್ಟಿಗಿ ಒಲಿ. ಖಾನಾವಳಿ ಅದ್ರಿ ನಮ್ದು.”

“ಹಂಗಾದ್ರ ನೀವೂ ಸ್ಕ್ಯಾನ್ ಮಾಡಸ್ರಿ. ಬರೀ ಜೋಡಿಗಿ ಬಂದವರು ಅಂತ ಬಿಡಂಗಿಲ್ಲ ನಿಮಗ.”

ಹೀಗೆ ಇಬ್ಬರ ರಕ್ತವೂ ಹೋಯಿತು, ಇಬ್ಬರೂ ಆ ಗಾಡಿಯೊಳಗೆ ಮಲಗಿ ಎದ್ದರು. ಬುತ್ತಿ ಉಂಡು, ಮೊಮ್ಮಕ್ಕಳನ್ನು ಮಾತಾಡಿಸಿ, ಸಂಜೆಯ ಬಸ್ಸಿಗೆ ಆಳಂದಕ್ಕೆ ಹೊರಟರು.

ಕೆಲವು ವಾರಗಳಾದ ಮೇಲೆ ಜೇವರ್ಗಿಯ ಆಸ್ಪತ್ರೆಯಿಂದ ಫೋನು ಬಂತು. ಇಬ್ಬರೂ ಬರ್ರಿ ಅಂದರು. ದೌಲತರಾಯ ಅಂದಿನಿಂದಲೇ ತಾನು ಸತ್ತೆ ಎಂದುಕೊಂಡ. ಕಿರಾಣಿ ಅಂಗಡಿಯವನಿಗೆ, ಕಟ್ಟಿಗೆ ಅಡ್ಡೆಯವನಿಗೆ, ಇನ್ನು ಮುಂದೆ ಏನಿದ್ದರೂ ನಮ್ಮ ಮನೆಯಾಕೆಯನ್ನು ಕೇಳಿರಿ ಎಂದು ಹೇಳಿಬಂದ. ಹೋಗುವ ದಿನ ಹೊಸ ಧೋತರ ಉಟ್ಟುಕೊಂಡ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡ. ಬಸ್ಸಿನಲ್ಲಿ ಹೆಂಡತಿಗೆ ತಾನಿಲ್ಲದಿದ್ದರೆ ಏನೇನು ಮಾಡಬೇಕೆಂದು ಹೇಳುತ್ತ ಬಂದ. ಸುಭದ್ರಾಬಾಯಿ ಹೂಂ ಅನ್ನುತ್ತ ಬಂದಳು.

ಫರಹತ ಮೊದಲು ಅವನ ಚಿತ್ರವನ್ನೇ ತೆಗೆದಳು. “ಕಾಕಾ, ನಿಮ್ಮ ಫುಪ್ಪುಸ ಹೊಗಿಯಿಂದ ಭಾಳ ಹಾಳಾಗ್ಯದ. ಬೀಡಿ ಬಿಡಲೇಬೇಕು. ಆದ್ರ ಗಂಟು ಏನೂ ಇಲ್ಲ. ರಕ್ತಾನೂ ಸಾಫ್ ಅದ.”

ದೌಲತರಾಯ “ಬಸವಾ” ಎಂದು ಉದ್ದಕ್ಕೆ ಉಸಿರು ಬಿಟ್ಟ. ಅವನ ಮುಖದಲ್ಲಿ ನಗು ಮೂಡಿತು, ಮಗಳ ಕಡೆ ತಿರುಗಿ ನೋಡಿದ. ಆ ನಗು ಇನ್ನೂ ಅಲ್ಲೇ ಇರುವಾಗ ಫರಹತ ಎರಡನೆಯ ಚಿತ್ರವನ್ನು ಕಂಪ್ಯೂಟರಿನ ಪರದೆಗೆ ತಂದಳು.

“ಅವ್ವರ, ಇದು ನಿಮ್ದು.”

ಬಲಗಡೆ ಮೇಲ್ಭಾಗದಲ್ಲಿ, ಕಪ್ಪಿನ ನಡುವೆ, ಕಡಲೆಕಾಳಿನಷ್ಟು ಬಿಳಿ. ಅಂಚು ದುಂಡಗಿರಲಿಲ್ಲ; ಜಾಲಿಮುಳ್ಳಿನಂತೆ ಸಣ್ಣ ಸಣ್ಣ ಎಳೆಗಳು ಹೊರಟಿದ್ದವು.

“ಖರೇ ಹೇಳಬೇಕಂದ್ರ,” ಫರಹತ ಕುರ್ಚಿ ಹತ್ತಿರ ಎಳೆದುಕೊಂಡಳು, “ಬರೀ ಸ್ಕ್ಯಾನ್ ನೋಡಿದ್ರ ಮೂರು ತಿಂಗಳು ಬಿಟ್ಟು ಬರ್ರಿ, ಮತ್ತ ನೋಡೋಣು ಅಂತಿದ್ದೆ. ನಮ್ಮ ಕಡೆ ಭಾಳ ಮಂದಿಗಿ ಇಂಥ ಕಲೆ ಇರ್ತಾವ, ಎಂದೋ ಟಿಬಿ ಆಗಿ ಒಣಗಿದ್ದು. ಸ್ಕ್ಯಾನು ಎಲ್ಲಿ ಅದ ಅಂತ ತೋರಸ್ತದ, ಏನದ ಅಂತ ಹೇಳಂಗಿಲ್ಲ. ರಕ್ತ ಏನೋ ಗಡಬಡ ಅದ ಅಂತ ಹೇಳ್ತದ, ಎಲ್ಲಿ ಅಂತ ಹೇಳಂಗಿಲ್ಲ. ಒಂದೊಂದನ್ನ ನಂಬಂಗಿಲ್ಲ. ನಿಮ್ಮ ವಿಷಯದಾಗ ಎರಡೂ ಒಂದ ಮಾತು ಹೇಳಾಕತ್ತಾವ. ಅದಕ್ಕ ಕಾಯೋದು ಬ್ಯಾಡ ಅಂತೇನಿ.”

“ಕ್ಯಾನ್ಸರ್ ಏನ್ರಿ?” ಕೇಳಿದವಳು ಜಯಮಾಲಾ.

“ಇರಬಹುದು. ನೂರಕ್ಕ ನೂರು ಅಂತ ಹೇಳಂಗಿಲ್ಲ. ಸೂಜಿ ಹಾಕಿ ಚೂರು ತೆಗೆದು ನೋಡೋಣಂದ್ರ ರಕ್ತನಾಳದ ಮಗ್ಗಲಿಗೇ ಅದ. ಆಪರೇಷನ್ ಮಾಡಿ ತೆಗೆದ ಮ್ಯಾಲೇ ಖಾತ್ರಿ ಆಗೋದು.”

ಸುಭದ್ರಾಬಾಯಿ ಪರದೆಯನ್ನು ನೋಡುತ್ತಿದ್ದಳು. ಗಿರಣಿಯಲ್ಲಿ ಜೋಳ ಬೀಸಲು ಇಟ್ಟು ಬಂದದ್ದು ನೆನಪಾಯಿತು. ಗಿರಣಿಯವನು ಸಂಜೆಗೆ ಬಾಗಿಲು ಹಾಕುತ್ತಾನೆ. ಬಸ್ಸು ತಡವಾದರೆ ನಾಳೆಗೆ ಹಿಟ್ಟಿಲ್ಲ. ಮಗಳು ಅಳುತ್ತಿದ್ದಳು. ಗಂಡನ ಮುಖ ಹೇಗಾಗಿದೆಯೆಂದು ಆಕೆ ತಿರುಗಿ ನೋಡಲಿಲ್ಲ. ಏನಾದರೂ ಅನಿಸಬೇಕಿತ್ತು, ಏನು ಅನಿಸಬೇಕೆಂದು ಹೊಳೆಯಲಿಲ್ಲ.

“ನನಗೇನೂ ನೋವಿಲ್ಲಲ್ರಿ,” ಅಂದಳು.

“ಅದಕ್ಕೇ ಇದು ಚಲೋ ಹೊತ್ತು, ಅವ್ವರ.”

ಹಿಟ್ಟು ಸಿಕ್ಕಿತು. ಗಿರಣಿಯವನು ಬಾಗಿಲು ಹಾಕಿರಲಿಲ್ಲ. ಮರುದಿನ ಸುಭದ್ರಾಬಾಯಿ ಎಂದಿನಂತೆ ಒಲೆ ಹಚ್ಚಿದಳು, ಹಿಟ್ಟಿಗೆ ಬಿಸಿನೀರು ಹಾಕಿ ನಾದಿದಳು, ರೊಟ್ಟಿ ಬಡಿದಳು. ಹೊಗೆ ಬಂದಾಗ ಮುಖ ಒಂದು ಕಡೆ ತಿರುಗಿಸಿದಳು, ಎಂದೂ ತಿರುಗಿಸುತ್ತಿದ್ದಂತೆಯೇ. ಎದೆಯೊಳಗೊಂದು ಕಾಳು ಇದೆಯೆಂದು ತನಗೆ ತಾನೇ ಹೇಳಿಕೊಂಡು ನೋಡಿದಳು. ಬೇರೆ ಯಾರದೋ ಮನೆಯ ಸುದ್ದಿ ಕೇಳಿದಂತಿತ್ತು.

ದೌಲತರಾಯ ಗಲ್ಲೆಯ ಮೇಲೆ ಕುಳಿತು ಗಿರಾಕಿಗಳ ಮುಂದೆಯೇ ಕಣ್ಣು ಒರೆಸಿಕೊಳ್ಳುತ್ತಿದ್ದ. ಬೀಡಿಯ ಕಟ್ಟನ್ನು ಗಟಾರಕ್ಕೆ ಎಸೆದ. ಎಸೆದೆನೆಂದು ಒಳಗೆ ಬಂದು ಹೇಳಿದ. ಆಕೆ “ಚಲೋ ಮಾಡಿದ್ರಿ” ಅಂದಳು. ಆತ ಮತ್ತೆ ಮುಂದಕ್ಕೆ ಹೋದ.

ಸುದ್ದಿ ಕೇಳಿ ಅಂದೋಲಾದಿಂದ ನಾದಿನಿ ಭಾಗಮ್ಮ ಬಂದಳು, ಮಠದ ವಿಭೂತಿ ತಂದಳು. ಊಟವಾದ ಮೇಲೆ ಒಲೆಯ ಹತ್ತಿರವೇ ಕುಳಿತು ಮಾತು ತೆಗೆದಳು.

“ವೈನಿ, ಕತ್ತಿ ಮುಟ್ಟಸಬ್ಯಾಡ. ಕೊಯ್ದ್ರ ಒಳಗ ಗಾಳಿ ಹೊಕ್ಕು ಮೈತುಂಬ ಹಬ್ತದಂತ. ನೀ ಉಣ್ಣಾಕತ್ತಿ, ತಿರಗಾಡಾಕತ್ತಿ, ಹೊತ್ತಿಗಿ ನಿದ್ದಿ ಮಾಡಾಕತ್ತಿ. ನಿನಗೇನಾಗ್ಯದ?”

“ನನಗೂ ಹಂಗ ಅನಸ್ತದ.”

“ಮತ್ತ? ಅದು ಅದೇ ಅಂತ ಡಾಕ್ಟರಿಗೇ ಖಾತ್ರಿ ಇಲ್ಲಂತ. ಖಾತ್ರಿ ಇಲ್ಲದ್ದಕ್ಕ ಎದಿ ಕೊಯಿಸ್ಕೋತಾರೇನು?”

ಸುಭದ್ರಾಬಾಯಿ ಉರಿಯುತ್ತಿದ್ದ ಕಟ್ಟಿಗೆಯನ್ನು ಒಲೆಯಿಂದ ಹಿಂದಕ್ಕೆ ಎಳೆದಳು. ಆಪರೇಷನ್ನಿಗೆ ಹೈದರಾಬಾದಿನಲ್ಲಿ ಜಾಗ ಗೊತ್ತು ಮಾಡಿದ್ದೇನೆ, ಯಾವಾಗ ಹೊರಡೋಣ ಎಂದು ಜಯಮಾಲಾ ದಿನಾ ಫೋನಿನಲ್ಲಿ ಕೇಳುವಳು. ನೋಡೋಣ ತಡಿ ಎಂದು ಇವಳು ಫೋನು ಇಡುವಳು. ಒಮ್ಮೆ ಫರಹತಳೇ ಫೋನು ಮಾಡಿದಳು. ಆಕೆಗೂ ಅದೇ ಉತ್ತರ ಹೋಯಿತು. ಹಬ್ಬವೊಂದು ಬಂತು, ಹೋಯಿತು. ಹೋಳಿಗೆ ಮಾಡಿದ್ದಳು. ಎಲ್ಲರೂ ಚಲೋ ಆಗ್ಯಾವ ಅಂದರು.

ಖಾನಾವಳಿಯ ಪಕ್ಕದ ಮನೆ ಹಮೀದಾಬೇಗಮಳದು. ಹೊಲಿಗೆ ಹಾಕುವಳು. ಅವಳ ಗಂಡ ಬುರಾನುದ್ದೀನ ಟೆಂಪೋ ಹೊಡೆಯುತ್ತಿದ್ದವನು, ತೀರಿಕೊಂಡು ಬಹಳ ವರ್ಷವಾಗಿರಲಿಲ್ಲ. ದಿನಾ ಮಧ್ಯಾಹ್ನ ಗಿರಾಕಿಗಳ ಗದ್ದಲ ತಗ್ಗಿದ ಮೇಲೆ ಆಕೆ ರೊಟ್ಟಿಗೆ ಬರುವಳು. ಇಷ್ಟು ದಿನವೂ ಆಕೆ ಈ ವಿಷಯ ಎತ್ತಿರಲಿಲ್ಲ. ಅಂದು ರೊಟ್ಟಿ ಸೆರಗಿನಲ್ಲಿ ಕಟ್ಟಿಕೊಂಡು ಹೊರಟವಳು, ಬಾಗಿಲ ತನಕ ಹೋಗಿ ತಿರುಗಿ ಬಂದು ಮಣೆಯ ಮೇಲೆ ಕುಳಿತಳು.

“ಅಕ್ಕಾ, ನೀವು ಹೋಗಾಕ ಒಲ್ಲೆ ಅಂತೀರಂತ.”

“ಒಲ್ಲೆ ಅಂದಿಲ್ಲ. ನೋವಿಲ್ಲ ಏನಿಲ್ಲ, ಸುಮ್ಮ ಹ್ಯಾಂಗ ಹೋಗಲಿ ಅಂತ.”

ಹಮೀದಾಬೇಗಂ ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ನಮ್ಮವರೂ ನೋವಿನ ದಾರಿ ಕಾದ್ರು. ಕೆಮ್ಮು ಬಂತು, ಬೀಡಿ ಕೆಮ್ಮು ಅಂದ್ರು. ಬೆನ್ನು ನೂಸ್ತು, ಗಾಡಿ ಹೊಡದು ನೂಸ್ತದ ಅಂದ್ರು. ರಕ್ತ ಬಿದ್ದ ಮ್ಯಾಲ ದವಾಖಾನಿಗಿ ಹೋದ್ವಿ. ಅಲ್ಲಿ ಡಾಕ್ಟರ್ ಏನಂದಾ ಗೊತ್ತದೇನು? ಈ ಬ್ಯಾನಿ ನೋವು ಕೊಡಾಕ ಚಾಲೂ ಮಾಡ್ಯದ ಅಂದ್ರ, ತನ್ನ ಕೆಲಸ ಮುಗಿಸ್ಯದ ಅಂತ ತಿಳ್ಕೋರಿ ಅಂದಾ.”

“ಹೌದೇನು.”

“ನನಗ ಬ್ಯಾರೆ ಏನೂ ಗೊತ್ತಿಲ್ಲ ಅಕ್ಕಾ. ಆ ಮಾತು ಮಾತ್ರ ಗೊತ್ತದ. ಅವತ್ತಿನಿಂದ ಅದೊಂದ ಮಾತು ಕಿವ್ಯಾಗ ಕೂತದ.”

ಆಕೆ ಅಳಲಿಲ್ಲ. ಎದ್ದು ಹೋದಳು. ಸುಭದ್ರಾಬಾಯಿ ಒಲೆಯ ಬೂದಿ ತೆಗೆದಳು, ಹಂಚು ಒರೆಸಿ ಗೋಡೆಗೆ ಆನಿಸಿದಳು. ಮುಂದೆ ಗಲ್ಲೆಯ ಹತ್ತಿರ ಬಂದು, ನಾಳಿನ ಪಲ್ಯಕ್ಕೆ ಬದನೆಕಾಯಿ ತರಬೇಕು ಅನ್ನುವ ದನಿಯಲ್ಲೇ ಗಂಡನಿಗೆ ಅಂದಳು:

“ಜಯಾಗ ಫೋನ್ ಹಚ್ರಿ. ಬರ್ತೇನಿ ಅಂತ ಹೇಳ್ರಿ.”

ಹೈದರಾಬಾದಿನ ಆಸ್ಪತ್ರೆಯಲ್ಲಿ ಮೈಯೆಲ್ಲ ನೋಡುವ ಇನ್ನೊಂದು ಸ್ಕ್ಯಾನ್ ಆಯಿತು. ಬೇರೆಲ್ಲೂ ಏನೂ ಕಾಣಲಿಲ್ಲ; ಆ ಕಾಳು ಮಾತ್ರ ಮಂದ ದೀಪದಂತೆ ಹೊಳೆಯುತ್ತಿತ್ತು. ಒಳಗೆ ಒಯ್ಯುವಾಗ ದೌಲತರಾಯ ಗಾಲಿಮಂಚದ ಜೊತೆಗೆ ಬಾಗಿಲ ತನಕ ನಡೆದ. ಏನೋ ಹೇಳಬೇಕೆಂದು ಬಾಯಿ ತೆರೆದವನು, “ಚಳಿ ಆಗ್ತದೇನು?” ಎಂದಷ್ಟೇ ಕೇಳಿದ. ಇಲ್ಲವೆಂದು ಆಕೆ ತಲೆ ಅಲ್ಲಾಡಿಸಿದಳು. ನಿಜಕ್ಕೂ ಚಳಿಯಾಗುತ್ತಿತ್ತು.

ಕಾಳನ್ನು ತೆಗೆದು, ಆಕೆ ಮೇಜಿನ ಮೇಲೆ ಮಲಗಿದ್ದಾಗಲೇ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರಂತೆ. ಕ್ಯಾನ್ಸರೇ ಆಗಿತ್ತು. ಶ್ವಾಸಕೋಶದ ಆ ಮೇಲ್ಭಾಗವಷ್ಟನ್ನೂ ತೆಗೆದರು. ಮುಂದೆ ಪೂರ್ತಿ ವರದಿ ಬಂತು: ಮೊದಲನೆಯ ಹಂತ, ಸುತ್ತಲಿನ ಗ್ರಂಥಿಗಳಲ್ಲಿ ಏನೂ ಇಲ್ಲ, ಬೇರೆ ಔಷಧದ ಅಗತ್ಯವಿಲ್ಲ. ಆಗಾಗ ಬಂದು ಸ್ಕ್ಯಾನ್ ಮಾಡಿಸಿದರೆ ಸಾಕು. ಸರ್ಜನ್ ಇದನ್ನು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ ಹೇಳಿದ. ಜಯಮಾಲಾ ಅದನ್ನೇ ಮತ್ತೆ ಕನ್ನಡದಲ್ಲಿ ಹೇಳುವಾಗ ಬಿಕ್ಕಿ ಬಿಕ್ಕಿ ಅತ್ತಳು. ಸುಭದ್ರಾಬಾಯಿ ಉಸಿರು ಒಳಗೆಳೆದರೆ ಗುಂಡು ಮೇಲೇಳುವ ಪ್ಲಾಸ್ಟಿಕ್ ಡಬ್ಬಿಯನ್ನು ಕೈಯಲ್ಲಿ ಹಿಡಿದಿದ್ದಳು. ಒಂದು ಗುಂಡು ಎದ್ದಿತು. ಎರಡನೆಯದು ಅಲುಗಾಡಿ ಅಲ್ಲೇ ಕುಳಿತಿತು.

“ಅವ್ವಾ, ಒಮ್ಮೆರೆ ಅಳು. ಮನಸ್ಸು ಹಗೂರಾಗ್ತದ.”

“ಅಳು ಬರವಲ್ದು ಜಯಾ. ನಾ ಏನ್ ಮಾಡ್ಲಿ?”

ನೋವು ಈಗ ಬಂದಿತ್ತು, ಅದು ಕೊಯ್ದ ನೋವು. ಅದರ ಜೊತೆಗೆ ಇನ್ನೊಂದು. ಬಲ ಮೊಲೆಯ ಕೆಳಗೆ ಅಂಗೈ ಅಗಲದ ಜಾಗ ಮರಗಟ್ಟಿಹೋಗಿತ್ತು. ಮುಟ್ಟಿದರೆ ಬೆರಳಿಗೆ ಚರ್ಮ ತಿಳಿಯುತ್ತಿತ್ತು, ಚರ್ಮಕ್ಕೆ ಬೆರಳು ತಿಳಿಯುತ್ತಿರಲಿಲ್ಲ. ನರ ಕತ್ತರಿಸಿದ್ದಾರೆ, ಬರುಬರುತ್ತ ಸರಿಹೋಗಬಹುದು, ಹೋಗದೆಯೂ ಇರಬಹುದು ಅಂದರು. ಸುಭದ್ರಾಬಾಯಿಗೆ ಅದೇನೂ ವಿಚಿತ್ರ ಅನಿಸಲಿಲ್ಲ.

ಬಿಡುಗಡೆಯ ಹಿಂದಿನ ದಿನ ಗಂಡ ಹಣ್ಣು ಸುಲಿದು ಕೊಡುವಾಗ ಅವನ ಅಂಗಿಯಿಂದ ಬೀಡಿಯ ವಾಸನೆ ಬಂತು. ಆಸ್ಪತ್ರೆಯ ಹಿಂದೆ ಹೋಗಿ ಸೇದಿ ಬಂದಿದ್ದ. ಆಕೆ ಅವನ ಮುಖ ನೋಡಿದಳು. ಆತನಿಗೂ ತಿಳಿಯಿತು.

“ಒಂದ ಸೇದೇನಿ ಬೇ. ಇಷ್ಟು ದಿನ ತಡದಿದ್ದೆ, ಇವತ್ತ ತಡಿಯಲಾರದ...”

“ಇನ್ನೊಂದು ಎಸಳು ಕೊಡ್ರಿ,” ಅಂದಳು. ಬೈಯಲಿಲ್ಲ. ಬೈಗುಳ ಹುಡುಕಿದರೂ ಸಿಗುತ್ತಿರಲಿಲ್ಲ. ದೌಲತರಾಯ ಕಿತ್ತಳೆಯ ಎಸಳನ್ನು ಅವಳ ಕೈಗಿಟ್ಟು, ಗೋಡೆಯ ಕಡೆ ತಿರುಗಿ ಕುಳಿತ. ಅದಾದ ಮೇಲೆ ಆತ ಸೇದಿದ್ದನ್ನು ಯಾರೂ ನೋಡಿಲ್ಲ.

ಖಾನಾವಳಿ ಮತ್ತೆ ತೆರೆಯಿತು. ಒಲೆಯನ್ನು ದೌಲತರಾಯ ತಾನೇ ಒಡೆದು ಹಾಕಿದ್ದ. ಈಗ ಗ್ಯಾಸಿನ ಮೇಲೆ ರೊಟ್ಟಿ ಮಾಡಲು ಓಣಿಯ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಗಲ್ಲೆಯ ಮೇಲೆ ಸುಭದ್ರಾಬಾಯಿ ಕುಳಿತಳು. ದೌಲತರಾಯ ಹೆಗಲಿಗೆ ಟವೆಲ್ಲು ಹಾಕಿಕೊಂಡು ತಾಟು ಹಾಕುತ್ತ, ನೀಡುತ್ತ ತಿರುಗಾಡಿದ. ಕೆಲವರು ರೊಟ್ಟಿ ಮುರಿದು ನೋಡಿ ಮೊದಲಿನ ರುಚಿ ಇಲ್ಲ ಅಂದರು. “ಇಲ್ರಿ. ಇನ್ ಮ್ಯಾಲ ಹಿಂಗ,” ಅಂದ ದೌಲತರಾಯ. ಅಂದವರಲ್ಲಿ ಅರ್ಧದಷ್ಟು ಮಂದಿ ಬರುವುದನ್ನು ಬಿಟ್ಟರು, ಉಳಿದವರಿಗೆ ರೂಢಿಯಾಯಿತು. ಸುಭದ್ರಾಬಾಯಿ ಮಧ್ಯಾಹ್ನಗಳಲ್ಲಿ ಹಮೀದಾಬೇಗಮಳ ಹೊಲಿಗೆಯ ಯಂತ್ರದ ಪಕ್ಕ ಹೋಗಿ ಸುಮ್ಮನೆ ಕುಳಿತು ಬರುವುದನ್ನು ಕಲಿತಳು.

ಮರುವರ್ಷದ ಬೇಸಿಗೆಯಲ್ಲಿ ತಪಾಸಣೆಗೆ ಬರಲು ಹೇಳಿದಾಗ ಸ್ಕ್ಯಾನಿನ ಗಾಡಿ ಎರಡನೆಯ ಸುತ್ತಿಗೆ ಬಂದು ಅಫಜಲಪುರದಲ್ಲಿತ್ತು. ಗಂಡಹೆಂಡತಿ ಅಲ್ಲಿಗೇ ಹೋದರು. ಫರಹತ ಚಿತ್ರ ನೋಡಿ, “ಸಾಫ್ ಅದ ಅವ್ವರ. ಏನೂ ಇಲ್ಲ,” ಅಂದಳು. ಮೊದಲೇ ಕೊಟ್ಟು ಕಳಿಸಿದ್ದ ರಕ್ತದಲ್ಲಿಯೂ ಏರಿದ್ದ ಅಂಶ ಇಳಿದಿತ್ತು. ಗಂಡನದೂ ಮತ್ತೆ ಮಾಡಿದರು, ಅದೂ ಸರಿಯಿತ್ತು. ದೌಲತರಾಯ ಪೇಢೆ ತರುತ್ತೇನೆಂದು ಪೇಟೆಗೆ ನಡೆದ. ಸುಭದ್ರಾಬಾಯಿ ಗಾಡಿಯ ನೆರಳಿನಲ್ಲಿ ಹಾಕಿದ್ದ ಬೆಂಚಿನ ಮೇಲೆ ಕುಳಿತಳು. ಒಳ್ಳೆಯ ಸುದ್ದಿಯೂ ಆ ಕೆಟ್ಟ ಸುದ್ದಿಯಂತೆಯೇ ದೂರದಲ್ಲೆಲ್ಲೋ ನಿಂತಿತ್ತು, ಹತ್ತಿರ ಬರಲಿಲ್ಲ.

ಬೆಂಚಿನ ಇನ್ನೊಂದು ತುದಿಯಲ್ಲಿ ಗೊಬ್ಬೂರದ ಒಬ್ಬ ಹೆಂಗಸು ಕುಳಿತಿದ್ದಳು. ಹೆಸರು ಯಶೋಧರಾ, ನಲವತ್ತು ದಾಟಿರಬಹುದು. ರಕ್ತದಲ್ಲಿ ಏನೋ ಬಂದಿದೆ, ಸ್ಕ್ಯಾನ್ ಮಾಡಿಸಬೇಕೆಂದು ಕರೆಸಿದ್ದರು. ಜೊತೆಗೆ ಬಂದಿದ್ದ ಗಂಡ ಹೊಲಕ್ಕೆ ನೀರು ಬಿಡುವ ಹೊತ್ತಾಯಿತೆಂದು ಹೋಗಿಬಿಟ್ಟಿದ್ದ.

“ಅಕ್ಕಾರ, ನೂಸ್ತದೇನ್ರಿ ಒಳಗ?” ಕೇಳಿದಳು.

“ಗಾಡ್ಯಾಗ ಏನೂ ನೂಸಂಗಿಲ್ಲ. ಸುಮ್ಮ ಮಲಗೋದು, ಉಸಿರು ಹಿಡಿ ಅಂದಾಗ ಹಿಡಿಯೋದು.”

“ನನಗ ಏನೂ ಆಗಿಲ್ರಿ. ಯಾಕ ಕರದಾರೋ ಗೊತ್ತಿಲ್ಲ. ಗುದ್ದಲಿ ಹಿಡದು ದಿನಾ ದುಡಿಯಾಕತ್ತೇನಿ.”

“ನನಗೂ ಏನೂ ಆಗಿದ್ದಿಲ್ಲ,” ಅಂದಳು ಸುಭದ್ರಾಬಾಯಿ.

ಯಶೋಧರಾ ಆಕೆಯ ಕಡೆ ತಿರುಗಿದಳು. ಮುಂದೆ ಕೇಳಬೇಕೋ ಬೇಡವೋ ಎಂಬಂತೆ ತುಟಿ ಅಲುಗಿತು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು. ಮೆಟ್ಟಿಲ ಮೇಲೆ ನಿಂತಿದ್ದ ನರ್ಸು, ಕೊರಳಲ್ಲಿನದು ತೆಗೆದು ಮನೆಯವರ ಕೈಗೆ ಕೊಟ್ಟು ಬಾ ಅಂದಳು. ಯಶೋಧರಾ ಸುತ್ತ ನೋಡಿದಳು. ಮನೆಯವರು ಯಾರೂ ಇರಲಿಲ್ಲ. ತಾಳಿಸರವನ್ನು ಕಣ್ಣಿಗೊತ್ತಿಕೊಂಡು ತೆಗೆದಳು, ಒಂದು ಗಳಿಗೆ ತಡೆದಳು, ಆಮೇಲೆ ಅದನ್ನು ಸುಭದ್ರಾಬಾಯಿಯ ಅಂಗೈಯಲ್ಲಿಟ್ಟು ಬರಿಗೊರಳಲ್ಲಿ ಮೆಟ್ಟಿಲು ಹತ್ತಿದಳು.

ಸರ ಇನ್ನೂ ಬೆಚ್ಚಗಿತ್ತು. ಕರಿಮಣಿಯ ಸಂದಿಯಲ್ಲಿ ಬೆವರಿನ ಪಸೆ ಇತ್ತು. ಸುಭದ್ರಾಬಾಯಿ ಮುಷ್ಟಿ ಮುಚ್ಚಿ ಎದೆಗೆ ಹಿಡಿದುಕೊಂಡಳು. ಗಾಡಿಯ ಯಂತ್ರ ಗುಂಯ್ ಎಂದು ತಿರುಗಲು ಶುರುವಾಯಿತು. ಒಳಗಿರುವವಳ ಹೆಸರು ಯಶೋಧರಾ, ಊರು ಗೊಬ್ಬೂರ, ಇಷ್ಟು ಬಿಟ್ಟರೆ ಆಕೆಗೆ ಏನೂ ಗೊತ್ತಿರಲಿಲ್ಲ. ಆದರೂ ಕಣ್ಣು ತುಂಬಿತು, ತುಂಬಿದ್ದು ಕೆನ್ನೆಗೆ ಇಳಿಯಿತು, ನಿಲ್ಲಲಿಲ್ಲ.

ಪೇಢೆಯ ಪೊಟ್ಟಣ ಹಿಡಿದು ಬಂದ ದೌಲತರಾಯ ಗಾಬರಿಯಾದ.

“ಏನಾತು? ಮತ್ತ ಏನರೆ ಅಂದ್ರೇನು?”

“ಏನಿಲ್ಲ. ಕೂಡ್ರಿ.”

“ಬಸ್ಸಿನ ಹೊತ್ತಾತು.”

“ಆಕಿ ಹೊರಗ ಬರ್ಲಿ. ಮುಂದಿನ ಬಸ್ಸಿಗಿ ಹೋಗೋಣು.”

ಆಕಿ ಯಾರೆಂದು ದೌಲತರಾಯ ಕೇಳಲಿಲ್ಲ. ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಳಿತ. ಇಬ್ಬರೂ ಗಾಡಿಯ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದರು.